ಗಿಯರ್ ಬೀಳುತ್ತಿಲ್ಲ: ದೋಷ ಎಲ್ಲಿದೆ?

"ಗಿಯರ್ ಸರಿಯಾಗಿ ಬೀಳುತ್ತಿಲ್ಲ." ಮೋಟಾರ್‌ಸೈಕಲ್ ರಿಪೇರಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ವೈದ್ಯರ ಬಳಿ ಹೋದವರು "ಮೈಯಲ್ಲಿ ಸರಿಯಿಲ್ಲ" ಎಂದು ಹೇಳಿದ ಹಾಗೆ ಇದು. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗದವರು, ಗಿಯರ್ ಹಾಕುವಾಗ ದೊಡ್ಡ ಸದ್ದು ಕೇಳುವವರು, ಹಾಕಿದ ಗಿಯರ್ ತಾನಾಗಿ ಕಳಚಿಕೊಳ್ಳುವುದನ್ನು ಅನುಭವಿಸಿದವರು, ಎಲ್ಲರೂ ಹೇಳುವುದು ಈ ಒಂದೇ ವಾಕ್ಯವನ್ನು. ಆದರೆ ಈ ಮೂರು ತೊಂದರೆಗಳ ಮೂಲ ಬೇರೆ ಬೇರೆ. ಒಂದು ಎರಡು ನಿಮಿಷದಲ್ಲಿ, ಕಾಸು ಖರ್ಚಿಲ್ಲದೆ ಸರಿಹೋಗಬಹುದು. ಇನ್ನೊಂದಕ್ಕೆ ಎಂಜಿನ್ನನ್ನೇ ಬಿಚ್ಚಬೇಕಾಗಬಹುದು.

ಈ ವ್ಯತ್ಯಾಸವನ್ನು ತಿಳಿಯದೆ ನಾನು ಎರಡು ಬಾರಿ ಪಾಠ ಕಲಿತಿದ್ದೇನೆ. ಮೊದಲ ಸಲ ಒಬ್ಬ ಮೆಕ್ಯಾನಿಕ್ ಬೇಡದ ಕಡೆ ಎಂಜಿನ್ ಬಿಚ್ಚಲು ಹೊರಟಿದ್ದರು. ಎರಡನೆಯ ಸಲ, ಬಿಚ್ಚಲೇಬೇಕಾದ ಎಂಜಿನ್ನನ್ನು ಬಿಚ್ಚದೆ ಓಡಿಸಿದವನು ನಾನೇ. ಎರಡನ್ನೂ ಇಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಗಿಯರ್ ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು ತಿಳಿದುಕೊಳ್ಳೋಣ.

ಸದಾ ಕೂಡಿಕೊಂಡಿರುವ ಹಲ್ಲುಚಕ್ರಗಳು

ಗಿಯರ್ ಬದಲಾಯಿಸುವುದೆಂದರೆ ಒಂದು ಹಲ್ಲುಚಕ್ರವನ್ನು ಇನ್ನೊಂದರಿಂದ ಬೇರ್ಪಡಿಸಿ, ಮೂರನೆಯದಕ್ಕೆ ಜೋಡಿಸುವುದು ಎಂದು ಬಹಳ ಮಂದಿ ವಿದ್ಯಾರ್ಥಿಗಳು ಭಾವಿಸಿರುತ್ತಾರೆ. ಇಂದಿನ ಮೋಟಾರ್‌ಸೈಕಲ್‌ಗಳಲ್ಲಿ ಹಾಗಿಲ್ಲ. ಗಿಯರ್ ಪೆಟ್ಟಿಗೆಯಲ್ಲಿ ಎರಡು ಶಾಫ್ಟ್‌ಗಳು ಸಮಾಂತರವಾಗಿವೆ. ಒಂದಕ್ಕೆ ಕ್ಲಚ್‌ನ ಮೂಲಕ ಎಂಜಿನ್ನಿನ ಶಕ್ತಿ ಬರುತ್ತದೆ. ಇದನ್ನು ಒಳಬರುವ ಶಾಫ್ಟ್ ಎಂದು ಕರೆಯೋಣ. ಇನ್ನೊಂದರ ತುದಿಯಲ್ಲಿ ಚೈನನ್ನು ಎಳೆಯುವ ಸ್ಪ್ರಾಕೆಟ್ ಇದೆ. ಇದು ಹೊರಹೋಗುವ ಶಾಫ್ಟ್. ಐದು ಗಿಯರಿನ ಬೈಕಿನಲ್ಲಿ ಐದು ಜೊತೆ ಹಲ್ಲುಚಕ್ರಗಳು ಈ ಶಾಫ್ಟ್‌ಗಳ ಮೇಲಿವೆ. ಎಲ್ಲ ಜೊತೆಗಳೂ ಸದಾ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ.

ಹಾಗಾದರೆ ಐದೂ ಜೊತೆಗಳು ಏಕಕಾಲಕ್ಕೆ ಶಕ್ತಿಯನ್ನು ಸಾಗಿಸುವುದಿಲ್ಲವೇ? ಇಲ್ಲ. ಪ್ರತಿ ಜೊತೆಯಲ್ಲಿ ಒಂದು ಚಕ್ರ ತನ್ನ ಶಾಫ್ಟ್‌ನೊಂದಿಗೇ ತಿರುಗುತ್ತದೆ. ಇನ್ನೊಂದು ತನ್ನ ಶಾಫ್ಟ್‌ನ ಮೇಲೆ ಬಿಡುವಾಗಿ, ಬಾವಿಯ ರಾಟೆ ಅಚ್ಚಿನ ಮೇಲೆ ಸುತ್ತುವ ಹಾಗೆ, ಸುತ್ತುತ್ತಿರುತ್ತದೆ. ಗಿಯರ್ ಹಾಕುವುದೆಂದರೆ ಈ ಬಿಡುಚಕ್ರಗಳಲ್ಲಿ ಯಾವುದಾದರೂ ಒಂದನ್ನು ಅದರ ಶಾಫ್ಟ್‌ಗೆ ಕಟ್ಟಿಹಾಕುವುದು, ಅಷ್ಟೆ.

ಕಟ್ಟಿಹಾಕುವ ಸಾಧನ ಸರಳವಾದದ್ದು. ಬಿಡುಚಕ್ರದ ಪಕ್ಕದಲ್ಲಿರುವ ಇನ್ನೊಂದು ಚಕ್ರ ಶಾಫ್ಟ್‌ನ ಉದ್ದಕ್ಕೆ ಕೆಲವು ಮಿಲಿಮೀಟರ್ ಸರಿಯಬಲ್ಲದು. ಅದರ ಮಗ್ಗುಲಲ್ಲಿ ಚಾಚಿಕೊಂಡ ಗಟ್ಟಿ ಗೂಟಗಳಿವೆ. ಇವನ್ನು ಡಾಗ್ ಎನ್ನುತ್ತಾರೆ. ಚಕ್ರ ಸರಿದಾಗ ಈ ಡಾಗ್‌ಗಳು ಬಿಡುಚಕ್ರದ ಕಿಂಡಿಗಳೊಳಗೆ ಹೊಕ್ಕು ಅದನ್ನು ಹಿಡಿದುಕೊಳ್ಳುತ್ತವೆ. ಚಕ್ರವನ್ನು ಸರಿಸುವುದು ಕವಲಿನಾಕಾರದ ಒಂದು ಫೋರ್ಕ್. ಫೋರ್ಕ್‌ನ ಇನ್ನೊಂದು ತುದಿ, ಮೈಮೇಲೆ ಅಂಕುಡೊಂಕಾದ ಕಾಲುವೆಗಳಿರುವ ಒಂದು ಉರುಳೆಯೊಳಗೆ ಕೂತಿರುತ್ತದೆ. ಈ ಉರುಳೆಯೇ ಗಿಯರ್ ಡ್ರಮ್. ನೀವು ಪೆಡಲ್ ಒತ್ತಿದಾಗ ಒಂದು ಕೊಕ್ಕೆ ಡ್ರಮ್ಮನ್ನು ಒಂದು ಹೆಜ್ಜೆಯಷ್ಟು ತಿರುಗಿಸುತ್ತದೆ. ಕಾಲುವೆಯ ತಿರುವು ಫೋರ್ಕನ್ನು ಪಕ್ಕಕ್ಕೆ ತಳ್ಳುತ್ತದೆ. ಒಂದು ಸ್ಪ್ರಿಂಗ್ ಮತ್ತು ರೋಲರ್ ಸೇರಿ ಡ್ರಮ್ಮನ್ನು ಆ ಹೆಜ್ಜೆಯಲ್ಲೇ ನಿಲ್ಲಿಸುತ್ತವೆ. ಇನ್ನೊಂದು ಸ್ಪ್ರಿಂಗ್ ಪೆಡಲನ್ನು ನಡುಸ್ಥಾನಕ್ಕೆ ಮರಳಿಸುತ್ತದೆ.

ಆದ್ದರಿಂದ ಕಾಲಿನಿಂದ ಡಾಗ್‌ವರೆಗಿನ ಸರಪಣಿ ಹೀಗಿದೆ: ಪೆಡಲ್, ಕೊಕ್ಕೆ, ಡ್ರಮ್, ಫೋರ್ಕ್, ಡಾಗ್. ಕೈಯಿಂದ ಹೊರಟ ಇನ್ನೊಂದು ಸರಪಣಿಯಿದೆ: ಕ್ಲಚ್ ಹಿಡಿ, ಕೇಬಲ್, ಒತ್ತುಫಲಕ, ಕ್ಲಚ್ ಪ್ಲೇಟುಗಳು. ದೋಷ ಈ ಎರಡರಲ್ಲಿ ಯಾವ ಸರಪಣಿಯಲ್ಲಿದೆ ಎಂಬುದೇ ನಮ್ಮ ಮೊದಲ ಪ್ರಶ್ನೆ.

'ಠಕ್' ಎಂಬ ಸದ್ದು ದೋಷವೇ?

ನಿಂತ ಬೈಕಿನಲ್ಲಿ ಮೊದಲ ಗಿಯರ್ ಹಾಕಿದಾಗ 'ಠಕ್' ಎಂದು ಸದ್ದು ಬರುತ್ತದೆ. ಇದು ದೋಷವೆಂದು ಹೆದರುವವರಿದ್ದಾರೆ. ಒಂದು ಸಣ್ಣ ಲೆಕ್ಕ ಮಾಡೋಣ. ಲೆಕ್ಕಕ್ಕೆಂದು ಆರಿಸಿಕೊಂಡ ಅಂಕಿಗಳಿವು. ನಿಮ್ಮ ಬೈಕಿನ ಅಂಕಿಗಳು ಇವಕ್ಕೆ ಸಮೀಪದಲ್ಲೇ ಇರುತ್ತವೆ.

ಎಂಜಿನ್ ನಿಮಿಷಕ್ಕೆ 1400 ಸುತ್ತಿನಂತೆ ನಿಧಾನವಾಗಿ ಓಡುತ್ತಿದೆ ಎನ್ನಿ. ಎಂಜಿನ್ನಿನಿಂದ ಕ್ಲಚ್‌ಗೆ ಬರುವಾಗ ವೇಗ 3.5 ಪಟ್ಟು ಇಳಿಯುತ್ತದೆ. ನ್ಯೂಟ್ರಲ್‌ನಲ್ಲಿ ಒಳಬರುವ ಶಾಫ್ಟ್ ನಿಮಿಷಕ್ಕೆ 400 ಸುತ್ತು ತಿರುಗುತ್ತದೆ. ಮೊದಲ ಗಿಯರಿನ ಅನುಪಾತ 3 ಆಗಿದ್ದರೆ, ಹೊರಹೋಗುವ ಶಾಫ್ಟ್‌ನ ಮೇಲಿರುವ ಅದರ ಬಿಡುಚಕ್ರ ನಿಮಿಷಕ್ಕೆ ಸುಮಾರು 133 ಸುತ್ತು, ಅಂದರೆ ಸೆಕೆಂಡಿಗೆ 2.2 ಸುತ್ತು ತಿರುಗುತ್ತಿರುತ್ತದೆ. ಬೈಕು ನಿಂತಿರುವುದರಿಂದ ಹೊರಹೋಗುವ ಶಾಫ್ಟ್ ಮತ್ತು ಅದರ ಡಾಗ್‌ಗಳು ನಿಶ್ಚಲ. ಡಾಗ್‌ಗಳು ಅಕ್ಷದಿಂದ 2 ಸೆಂ.ಮೀ. ದೂರದಲ್ಲಿದ್ದರೆ, ಅವು ಕಿಂಡಿಯ ಗೋಡೆಗೆ ಬಡಿಯುವ ವೇಗ ಸೆಕೆಂಡಿಗೆ ಸುಮಾರು 28 ಸೆಂ.ಮೀ. ಉಕ್ಕಿಗೆ ಉಕ್ಕು ಈ ವೇಗದಲ್ಲಿ ತಾಗಿದರೆ ಸದ್ದಾಗಲೇಬೇಕು. ಕಾರಿನ ಗಿಯರ್ ಪೆಟ್ಟಿಗೆಯಲ್ಲಿ ಎರಡು ಭಾಗಗಳ ವೇಗವನ್ನು ಮೊದಲು ಸಮಗೊಳಿಸುವ ಸಿಂಕ್ರೋಮೆಶ್ ಎಂಬ ಏರ್ಪಾಡು ಇದೆ. ಮೋಟಾರ್‌ಸೈಕಲ್‌ನಲ್ಲಿ ಅದಿಲ್ಲ. ಹಾಗಾಗಿ ಒಂದು ಮೆದುವಾದ 'ಠಕ್' ಸಹಜ. ಸದ್ದು ದಿನದಿಂದ ದಿನಕ್ಕೆ ಜೋರಾಗುತ್ತಿದ್ದರೆ, ಬೈಕು ಮುಂದಕ್ಕೆ ಜಿಗಿಯುತ್ತಿದ್ದರೆ ಮಾತ್ರ ಯೋಚಿಸಬೇಕು.

ಕ್ಲಚ್ ಹಿಡಿಯುವುದು ಏಕೆ ಎಂಬುದಕ್ಕೂ ಇಲ್ಲಿ ಉತ್ತರವಿದೆ. ಕ್ಲಚ್ ಬಿಡಿಸಿದಾಗ ಡಾಗ್‌ಗಳು ವೇಗ ಬದಲಿಸಬೇಕಾದದ್ದು ಹಗುರವಾದ ಒಳಬರುವ ಶಾಫ್ಟ್‌ನದನ್ನು ಮಾತ್ರ. ಬಿಡಿಸದಿದ್ದರೆ ಎಂಜಿನ್ನಿನ ಭಾರವಾದ ಕ್ರ್ಯಾಂಕ್ ಕೂಡ ಅದಕ್ಕೆ ಅಂಟಿಕೊಂಡಿರುತ್ತದೆ. ಅದರ ಜಡತ್ವ ಒಳಬರುವ ಶಾಫ್ಟ್‌ನ ಮಟ್ಟಿಗೆ 3.5ರ ವರ್ಗದಷ್ಟು, ಅಂದರೆ 12 ಪಟ್ಟಿಗಿಂತ ಹೆಚ್ಚಾಗಿ ಕಾಣಿಸುತ್ತದೆ. ಕೋನೀಯ ಸಂವೇಗದ ಇಷ್ಟು ದೊಡ್ಡ ಬದಲಾವಣೆಯನ್ನು ಆ ಪುಟ್ಟ ಗೂಟಗಳು ಕ್ಷಣಾರ್ಧದಲ್ಲಿ ಹೊರಬೇಕಾಗುತ್ತದೆ.

ಡಾಗ್‌ನ ಓರೆ ಮತ್ತು ಇಳಿಜಾರು ಹಲಗೆ

ಡಾಗ್‌ಗಳ ಆಕಾರದಲ್ಲಿ ಒಂದು ಜಾಣತನ ಅಡಗಿದೆ. ಎಷ್ಟೋ ಗಿಯರ್ ಪೆಟ್ಟಿಗೆಗಳಲ್ಲಿ ಡಾಗ್‌ನ ಮುಖ ನೇರವಾಗಿ ನಿಂತಿರುವುದಿಲ್ಲ. ಬುಡಕ್ಕಿಂತ ತುದಿ ತುಸು ಅಗಲವಾಗುವಂತೆ ಕೆಲವು ಡಿಗ್ರಿ ಒಳಓರೆ ಇರುತ್ತದೆ. ಇದರಿಂದ ಎಂಜಿನ್ ಹೆಚ್ಚು ಎಳೆದಷ್ಟೂ ಡಾಗ್ ಕಿಂಡಿಯೊಳಕ್ಕೆ ಇನ್ನೂ ಆಳವಾಗಿ ಎಳೆದುಕೊಳ್ಳುತ್ತದೆ. ಮರಗೆಲಸದವರ ಪಾರಿವಾಳದ ಬಾಲದಂಥ ಬೆಸುಗೆಯನ್ನು ನೋಡಿದ್ದರೆ ಇದು ಕೂಡಲೇ ಅರ್ಥವಾಗುತ್ತದೆ.

ಇದು ಒಳ್ಳೆಯದೇ. ಆದರೆ ಹೊರೆ ಇರುವಾಗ ಡಾಗನ್ನು ಹೊರಕ್ಕೆಳೆಯಬೇಕಾದರೆ ಘರ್ಷಣೆಯ ಜೊತೆಗೆ ಈ ಓರೆಯನ್ನೂ ಮೀರಬೇಕು. ಇಳಿಜಾರು ಹಲಗೆಯ ಮೇಲೆ ಮರದ ತುಂಡನ್ನು ಮೇಲಕ್ಕೆ ತಳ್ಳುವ ಪಿ.ಯು.ಸಿ. ಪ್ರಯೋಗವೇ ಇದು, ಹಲಗೆಯ ಜಾಗದಲ್ಲಿ ಡಾಗ್‌ನ ಮುಖ, ತೂಕದ ಜಾಗದಲ್ಲಿ ಎಂಜಿನ್ನಿನ ತಳ್ಳುಬಲ. ಓರೆ 4 ಡಿಗ್ರಿ, ಘರ್ಷಣಾ ಗುಣಾಂಕ 0.1 ಎಂದು ಇಟ್ಟುಕೊಂಡರೆ, ಡಾಗ್‌ನ ಮೇಲಿರುವ ತಳ್ಳುಬಲದ ಸುಮಾರು ಶೇಕಡ 17ರಷ್ಟು ಬಲ ಅದನ್ನು ಹೊರಗೆಳೆಯಲು ಬೇಕು. ಈ ಅಂಕಿ ನೆನಪಿರಲಿ.

ಮೊದಲ ಅನುಭವ: ಸಿಗದ ನ್ಯೂಟ್ರಲ್

ನನ್ನ 150 ಸಿ.ಸಿ. ಬೈಕು ಕೆಲವು ವರ್ಷ ಓಡಿದ ಮೇಲೆ ಸಿಗ್ನಲ್‌ಗಳಲ್ಲಿ ಕಾಡತೊಡಗಿತು. ಮೊದಲ ಗಿಯರಿನಲ್ಲಿ ನಿಂತರೆ ನ್ಯೂಟ್ರಲ್ ಸಿಗುತ್ತಿರಲಿಲ್ಲ. ಬಲವಾಗಿ ಎತ್ತಿದರೆ ಎರಡನೆಯದಕ್ಕೆ ಹಾರುತ್ತಿತ್ತು. ಅಂಗಡಿಯವರು ಒಂದು ಸುತ್ತು ಓಡಿಸಿ ನೋಡಿ, "ಸಾರ್, ಗಿಯರ್ ಬಾಕ್ಸ್ ಹೋಗಿದೆ, ಎಂಜಿನ್ ಇಳಿಸ್ಬೇಕು" ಎಂದರು. ಖರ್ಚು ಕೇಳಿ ಬೈಕನ್ನು ಮನೆಗೆ ತಂದೆ.

ಅಂದು ಸಂಜೆ ಒಂದು ಸಂಗತಿ ಗಮನಕ್ಕೆ ಬಂತು. ಎಂಜಿನ್ ಓಡುತ್ತಿರುವಾಗ ಸಿಗದ ನ್ಯೂಟ್ರಲ್, ಎಂಜಿನ್ ಆರಿಸಿದ ಕೂಡಲೇ ಬೆರಳಿನಿಂದ ಪೆಡಲ್ ಎತ್ತಿದರೂ ಸಿಗುತ್ತಿತ್ತು. ಪೆಡಲ್, ಡ್ರಮ್, ಫೋರ್ಕ್‌ಗಳಿಗೆ ಎಂಜಿನ್ ಓಡುತ್ತಿದೆಯೇ ನಿಂತಿದೆಯೇ ಎಂಬುದು ತಿಳಿಯದು. ಅವು ಕೆಟ್ಟಿದ್ದರೆ ಎರಡೂ ಸ್ಥಿತಿಗಳಲ್ಲಿ ಕೆಟ್ಟಿರಬೇಕು. ಎಂಜಿನ್ ನಿಂತಾಗ ಬದಲಾದದ್ದು ಒಂದೇ: ಡಾಗ್‌ಗಳ ಮೇಲಿದ್ದ ಟಾರ್ಕ್. ಕ್ಲಚ್ ಹಿಡಿದಿದ್ದರೂ ಟಾರ್ಕ್ ಸೋರಿ ಬರುತ್ತಿತ್ತು ಎಂದಾಯಿತು.

ಲೆಕ್ಕ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಸರಿಯಾದ ಕ್ಲಚ್ ಕೂಡ ಎಣ್ಣೆಯ ಸ್ನಿಗ್ಧತೆಯಿಂದಾಗಿ ಅರ್ಧ ನ್ಯೂಟನ್-ಮೀಟರ್‌ನಷ್ಟು ಟಾರ್ಕನ್ನು ದಾಟಿಸುತ್ತದೆ ಎನ್ನಿ. ಮೊದಲ ಗಿಯರಿನಲ್ಲಿ ಅದು ಮೂರು ಪಟ್ಟಾಗಿ 1.5 ನ್ಯೂಟನ್-ಮೀಟರ್, 2 ಸೆಂ.ಮೀ. ದೂರದ ಡಾಗ್‌ಗಳ ಮೇಲೆ 75 ನ್ಯೂಟನ್ ತಳ್ಳುಬಲ. ಇದರ ಶೇಕಡ 17 ಎಂದರೆ ಸುಮಾರು 13 ನ್ಯೂಟನ್. ಫೋರ್ಕ್‌ಗೆ ಇದು ಲೆಕ್ಕಕ್ಕಿಲ್ಲ. ಕ್ಲಚ್ ಸರಿಯಾಗಿ ಬಿಡದೆ ಸೋರುವ ಟಾರ್ಕ್ 5 ನ್ಯೂಟನ್-ಮೀಟರ್‌ಗೆ ಏರಿದರೆ ಎಲ್ಲವೂ ಹತ್ತು ಪಟ್ಟಾಗುತ್ತದೆ: 750 ನ್ಯೂಟನ್ ತಳ್ಳುಬಲ, ಬಿಡಿಸಲು ಸುಮಾರು 128 ನ್ಯೂಟನ್. ಸವಾರ ಜೋರಾಗಿ ಎತ್ತುತ್ತಾನೆ. ಡಾಗ್ ಥಟ್ಟನೆ ಬಿಡಿಸಿಕೊಂಡಾಗ ಕಾಲು ತಡೆದುಕೊಳ್ಳುವುದರೊಳಗೆ ಡ್ರಮ್ ನ್ಯೂಟ್ರಲ್ಲನ್ನು ದಾಟಿ ಎರಡನೆಯ ಗಿಯರಿಗೆ ಹೋಗಿರುತ್ತದೆ. ನನಗೆ ಆಗುತ್ತಿದ್ದದ್ದು ಇದೇ.

ಕ್ಲಚ್ ಏಕೆ ಬಿಡುತ್ತಿರಲಿಲ್ಲ? ಹಿಡಿಯ ತುದಿ 60 ಮಿ.ಮೀ. ಚಲಿಸಿದಾಗ ಒತ್ತುಫಲಕ 2 ಮಿ.ಮೀ. ಮಾತ್ರ ಸರಿಯುವ ಏರ್ಪಾಡನ್ನು ಊಹಿಸಿಕೊಳ್ಳಿ. ಸನ್ನೆಯ ತತ್ವದಂತೆ ಬಲ 30 ಪಟ್ಟು ಹೆಚ್ಚುವುದಕ್ಕೆ ನಾವು ತೆರುವ ಬೆಲೆ ಇದು. ಹಿಡಿಯಲ್ಲಿ 15 ಮಿ.ಮೀ. ಸಡಿಲವಿದ್ದರೆ ಉಪಯೋಗಕ್ಕೆ ಬರುವುದು 45 ಮಿ.ಮೀ., ಒತ್ತುಫಲಕ ಸರಿಯುವುದು 1.5 ಮಿ.ಮೀ. ಇದು ಐದು ಪ್ಲೇಟುಗಳ ಹತ್ತು ಮುಖಗಳ ನಡುವೆ ಹಂಚಿಹೋಗಿ ತಲಾ 0.15 ಮಿ.ಮೀ. ಸಂದು ಸಿಗುತ್ತದೆ. ಕೇಬಲ್ ಹಿಗ್ಗಿ ಸಡಿಲ 35 ಮಿ.ಮೀ.ಗೆ ಏರಿದರೆ ಪ್ರತಿ ಸಂದು 0.08 ಮಿ.ಮೀ.ಗೆ ಇಳಿಯುತ್ತದೆ. ಎಣ್ಣೆಯ ಪದರ ತೆಳುವಾದಷ್ಟೂ ಅದರ ಎಳೆತ ಹೆಚ್ಚು. ಪ್ಲೇಟುಗಳು ತುಸು ಬಾಗಿದ್ದರಂತೂ ಒಂದಕ್ಕೊಂದು ತಾಗಿಯೇ ಇರುತ್ತವೆ.

ನನ್ನ ಹಿಡಿಯಲ್ಲಿ ಅತಿಯಾದ ಸಡಿಲವಿತ್ತು. ಕೇಬಲ್ಲಿನ ಹೊಂದಿಸುವ ನಟ್ಟನ್ನು ತಿರುಗಿಸಿ ಸಡಿಲವನ್ನು ಕೈಪಿಡಿ ಹೇಳಿದ ಅಳತೆಗೆ ತಂದೆ. ಹೆಚ್ಚಿನ ಬೈಕುಗಳಲ್ಲಿ ಇದು ಹಿಡಿಯ ತುದಿಯಲ್ಲಿ 10ರಿಂದ 20 ಮಿ.ಮೀ. ಇರುತ್ತದೆ. ನ್ಯೂಟ್ರಲ್ ಸಿಕ್ಕಿತು. ಸಡಿಲವನ್ನು ಪೂರ್ತಿ ತೆಗೆದುಬಿಡಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ಆಗ ಕ್ಲಚ್ ಅರೆಬಿಗಿಯಾಗಿ ಜಾರತೊಡಗಿ ಪ್ಲೇಟುಗಳು ಸುಟ್ಟುಹೋಗುತ್ತವೆ.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ಓಡಿಸಿದ ಹಿರಿಯ ಓದುಗರಿಗೆ ಇನ್ನೊಂದು ಸಂಗತಿ ನೆನಪಾಗಬಹುದು. ಅವುಗಳಲ್ಲಿ ಕಿಕ್ ಹೊಡೆಯುವ ಸನ್ನೆಯೇ ಗಿಯರಿನ ಸನ್ನೆ. ಅದನ್ನು ಕಾಲಿನಿಂದ ಒತ್ತಿದಾಗ ಒಳಗಿನ ಏರ್ಪಾಡೊಂದು ಕ್ಲಚ್ಚನ್ನೂ ಬಿಡಿಸುತ್ತಿತ್ತು. ಕೈಯ ಹಿಡಿ ಮುಟ್ಟದೆ ಗಿಯರ್ ಬದಲಿಸಬಹುದಿತ್ತು. ಅಂಥ ಬೈಕಿನಲ್ಲಿ ಕೈಯ ಮತ್ತು ಕಾಲಿನ ಸರಪಣಿಗಳು ಒಂದು ಕಡೆ ಕೂಡಿಕೊಂಡಿರುವುದರಿಂದ, ಗಿಯರ್ ಬೀಳದಿದ್ದಾಗ ಆ ಹೊಂದಾಣಿಕೆಯನ್ನೂ ನೋಡಬೇಕಾಗುತ್ತದೆ.

ಎರಡನೆಯ ಅನುಭವ: ಘಾಟಿಯಲ್ಲಿ ಕಳಚಿದ ಗಿಯರ್

ಕೇಬಲ್ ಪ್ರಸಂಗದಿಂದ ನನಗೆ ಸ್ವಲ್ಪ ಹೆಮ್ಮೆಯೇ ಬಂದಿತ್ತು. ಕೆಲವು ವರ್ಷಗಳ ನಂತರ ಅದೇ ಬೈಕಿನ ಎರಡನೆಯ ಗಿಯರ್ ಆಗೊಮ್ಮೆ ಈಗೊಮ್ಮೆ ತಾನಾಗಿ ಕಳಚತೊಡಗಿತು. ನಾನು ಮತ್ತೆ ಕೇಬಲ್ ಹೊಂದಿಸಿದೆ. ಎಣ್ಣೆ ಬದಲಿಸಿದೆ. ಊರೊಳಗೆ ತೊಂದರೆ ಕಡಿಮೆಯಾದಂತೆ ಕಂಡದ್ದರಿಂದ ಸರಿಹೋಯಿತೆಂದುಕೊಂಡೆ. ಹಾಗೆ ಕಂಡದ್ದಕ್ಕೆ ಕಾರಣ, ಗೊತ್ತಿಲ್ಲದೆಯೇ ನಾನು ಎರಡನೆಯ ಗಿಯರಿನಲ್ಲಿ ಜೋರಾಗಿ ಎಳೆಸುವುದನ್ನು ಬಿಟ್ಟಿದ್ದೆ, ಅಷ್ಟೆ.

ಒಂದು ತಿಂಗಳ ನಂತರ ಮಗಳನ್ನು ಹಿಂದೆ ಕೂರಿಸಿಕೊಂಡು ಸೋಮೇಶ್ವರದ ಕಡೆಯಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆ. ಒಂದು ಕಡಿದಾದ ತಿರುವಿನಲ್ಲಿ ಆಕ್ಸಿಲರೇಟರ್ ಹೆಚ್ಚಿಸಿದ ಕೂಡಲೇ 'ಟಕ್' ಎಂದು ಸದ್ದಾಗಿ ಎಂಜಿನ್ ಬರಿದೇ ಕಿರುಚಿತು. ಚಕ್ರಕ್ಕೆ ಶಕ್ತಿಯಿಲ್ಲ. ಬೈಕು ನಿಂತು ಹಿಂದಕ್ಕೆ ಜಾರಿತು. ಹಿಂದೆ ಬಸ್ಸು ಬರುತ್ತಿತ್ತು. ಬ್ರೇಕ್ ಹಿಡಿಯಿತು, ಬಸ್ಸಿನ ಚಾಲಕರು ದೂರದಲ್ಲೇ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಮಗಳನ್ನು ಬಸ್ಸಿಗೆ ಹತ್ತಿಸಿ, ಉಳಿದ ದಾರಿಯನ್ನು ಮೊದಲ ಗಿಯರಿನಲ್ಲೇ ಹತ್ತಿದೆ.

ಈ ಸಲ ಇನ್ನೊಬ್ಬ ಮೆಕ್ಯಾನಿಕ್ ಎಂಜಿನ್ ಬಿಚ್ಚಿ ಎರಡನೆಯ ಗಿಯರಿನ ಚಕ್ರಗಳನ್ನು ಕೈಗಿಟ್ಟರು. ಡಾಗ್‌ಗಳ ಅಂಚು ನದಿಯ ಕಲ್ಲಿನಂತೆ ದುಂಡಾಗಿತ್ತು. ಫೋರ್ಕ್‌ನ ಕಾಲುಗಳು ಒಂದು ಬದಿಯಲ್ಲಿ ಸವೆದು, ಬಿಸಿಯಿಂದ ನೀಲಿಗಟ್ಟಿದ್ದವು. ಕೇಬಲ್ ಹೊಂದಿಸಿದ್ದೆ ಎಂದಾಗ ಅವರು ನಕ್ಕು ಕೇಳಿದರು: "ಕೇಬಲ್ ಬಿಗಿ ಮಾಡಿದ್ರೆ ಸವೆದ ಹಲ್ಲು ಬೆಳೆಯುತ್ತಾ ಸಾರ್?" ನನ್ನ ಬಳಿ ಉತ್ತರವಿರಲಿಲ್ಲ.

ಈಗ ಲೆಕ್ಕ ನೋಡಿ. ಎಂಜಿನ್ನಿನ ಟಾರ್ಕ್ 12 ನ್ಯೂಟನ್-ಮೀಟರ್. ಕ್ಲಚ್‌ಗೆ ಬರುವಾಗ 3.5 ಪಟ್ಟು, ಎರಡನೆಯ ಗಿಯರಿನಲ್ಲಿ ಮತ್ತೆ 2 ಪಟ್ಟು. ಒಟ್ಟು 84 ನ್ಯೂಟನ್-ಮೀಟರ್. ಡಾಗ್‌ಗಳ ಮೇಲೆ 4200 ನ್ಯೂಟನ್ ತಳ್ಳುಬಲ. ಹೊಸ ಡಾಗ್‌ನ ಒಳಓರೆ ಈ ಬಲವನ್ನು ಬಳಸಿಕೊಂಡೇ ಗಿಯರನ್ನು ಹಿಡಿದಿಡುತ್ತದೆ. ಅಂಚು ದುಂಡಾಗಿ ಓರೆ ತಿರುಗುಮುರುಗಾದರೆ? ಇಳಿಜಾರು ಹಲಗೆಯ ಮೇಲಿನ ಮರದ ತುಂಡು, ಇಳಿಜಾರಿನ ಕೋನದ ಟ್ಯಾಂಜೆಂಟ್ ಘರ್ಷಣಾ ಗುಣಾಂಕವನ್ನು ಮೀರಿದಾಗ ಜಾರಲು ತೊಡಗುತ್ತದೆ ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಗುಣಾಂಕ 0.1 ಆದರೆ ಆ ಕೋನ ಸುಮಾರು 5.7 ಡಿಗ್ರಿ. ಡಾಗ್ ತಾಗುವ ಜಾಗದಲ್ಲಿ ಹೊರಓರೆ 10 ಡಿಗ್ರಿ ಆಗಿದ್ದರೆ ಅದು ಜಾರಲೇಬೇಕು. ಹೊರಕ್ಕೆ ತಳ್ಳುವ ಬಲ ಸುಮಾರು 316 ನ್ಯೂಟನ್. 32 ಕಿಲೋಗ್ರಾಂ ತೂಕದಷ್ಟು. ಗಿಯರನ್ನು ಹಿಡಿದಿಡಬೇಕಿದ್ದ ಎಂಜಿನ್ನೇ ಅದನ್ನು ಕಳಚುತ್ತದೆ. ಘಾಟಿಯಂತಹ ಜಾಗದಲ್ಲಿ, ಹೊರೆ ಹೆಚ್ಚಿದಾಗಲೇ ಗಿಯರ್ ಕಳಚುವುದು ಆಕಸ್ಮಿಕವಲ್ಲ.

ಆ ತಳ್ಳುವಿಕೆಯನ್ನು ತಡೆಯುವುದು ಫೋರ್ಕ್. ಒಂದು ಬದಿಗೆ ಸದಾ ಒತ್ತಿಕೊಂಡು ಅದು ಸವೆಯುತ್ತದೆ, ಬಾಗುತ್ತದೆ. ಫೋರ್ಕ್ ಸವೆದಷ್ಟು ಡಾಗ್ ಕಿಂಡಿಯೊಳಗೆ ಹೋಗುವ ಆಳ ಕಡಿಮೆಯಾಗುತ್ತದೆ. ಆಳ ಕಡಿಮೆಯಾದಷ್ಟು ಅಂಚಿನ ಮೇಲೆ ಹೊರೆ ಹೆಚ್ಚಿ ಅದು ಇನ್ನಷ್ಟು ದುಂಡಾಗುತ್ತದೆ. ಈ ದೋಷ ತಾನಾಗಿ ವಾಸಿಯಾಗುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ತಡಮಾಡಿದ ಆ ಒಂದು ತಿಂಗಳಿನಲ್ಲಿ ನಾನು ಫೋರ್ಕನ್ನೂ ಕಳೆದುಕೊಂಡಿದ್ದೆ.

ಎರಡನೆಯ ಗಿಯರೇ ಏಕೆ?

ಹೀಗೆ ಕಳಚುವುದರಲ್ಲಿ ಎರಡನೆಯ ಗಿಯರಿಗೆ ಅಪಾಯ ಹೆಚ್ಚು. ಐದು ಗಿಯರುಗಳ ಅನುಪಾತ 3, 2, 1.5, 1.2, 1 ಎಂದಿರಲಿ. ಒಂದರಿಂದ ಎರಡಕ್ಕೆ ಹೋಗುವಾಗ ಒಳಬರುವ ಶಾಫ್ಟ್‌ನ ವೇಗ ಮೂರನೇ ಒಂದು ಭಾಗ ಇಳಿಯಬೇಕು. ಎರಡರಿಂದ ಮೂರಕ್ಕೆ ನಾಲ್ಕನೇ ಒಂದು, ಮುಂದಿನದಕ್ಕೆ ಐದನೇ ಒಂದು, ಕೊನೆಯದಕ್ಕೆ ಆರನೇ ಒಂದು ಭಾಗ ಸಾಕು. ವೇಗದ ವ್ಯತ್ಯಾಸ ಹೆಚ್ಚಿರುವಲ್ಲಿ ಡಾಗ್‌ಗಳಿಗೆ ಬೀಳುವ ಪೆಟ್ಟೂ ಹೆಚ್ಚು. ಜೊತೆಗೆ, ಮೊದಲನೆಯದು ಕೆಳಗೆ, ಉಳಿದವು ಮೇಲೆ ಇರುವ ಬೈಕುಗಳಲ್ಲಿ ಒಂದರಿಂದ ಎರಡಕ್ಕೆ ಹೋಗುವಾಗ ನ್ಯೂಟ್ರಲ್ಲನ್ನು ದಾಟಬೇಕು. ಅರೆಮನಸ್ಸಿನಿಂದ ಪೆಡಲ್ ಎತ್ತಿದರೆ ಡಾಗ್‌ಗಳು ಅಂಚಿನಲ್ಲಷ್ಟೇ ತಾಗಿ ಕಚ್ಚಿಕೊಳ್ಳದೆ ಚಿಮ್ಮುತ್ತವೆ. ಪ್ರತಿ ಸಲ ಅಂಚು ಕೊಂಚ ದುಂಡಾಗುತ್ತದೆ. ಪೆಡಲನ್ನು ಪೂರ್ತಿಯಾಗಿ, ಒಂದೇ ಚಲನೆಯಲ್ಲಿ ಎತ್ತುವುದೇ ಇದಕ್ಕೆ ಪರಿಹಾರ. ಬಲವಾಗಿ ಒದೆಯುವುದು ಬೇರೆ, ಪೂರ್ತಿಯಾಗಿ ಎತ್ತುವುದು ಬೇರೆ.

ಮೂರು ಸ್ಥಿತಿ, ಮೂರು ಪರೀಕ್ಷೆ

ಈ ಎರಡು ಅನುಭವಗಳಿಂದ ನಾನು ಕಲಿತದ್ದಿಷ್ಟು: "ಏನು ದೋಷ?" ಎಂದು ಕೇಳುವ ಮೊದಲು "ಯಾವ ಸ್ಥಿತಿಯಲ್ಲಿ ದೋಷ?" ಎಂದು ಕೇಳಬೇಕು. ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ನೋಡುವಂತೆ ಇಲ್ಲಿಯೂ ಮಾಡಬಹುದು.

1. ಎಂಜಿನ್ ನಿಂತಿರುವಾಗ. ಬೈಕನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೀಲಿ ತೆಗೆದಿಡಿ. ಹಿಂದಿನ ಚಕ್ರವನ್ನು ಟಯರ್ ಹಿಡಿದು ಮೆಲ್ಲನೆ ತಿರುಗಿಸುತ್ತ ಒಂದೊಂದೇ ಗಿಯರ್ ಹಾಕಿ. ಬೆರಳುಗಳು ಚೈನಿನ ಹತ್ತಿರ ಹೋಗದಿರಲಿ. ಚಕ್ರ ತಿರುಗಿಸದೆ ಹಾಕಿದರೆ ಒಮ್ಮೊಮ್ಮೆ ಗಿಯರ್ ಬೀಳುವುದಿಲ್ಲ. ಡಾಗ್ ಕಿಂಡಿಯ ಎದುರಿಗಿರದೆ ಗೋಡೆಯ ಎದುರಿಗಿರುವುದು ಇದಕ್ಕೆ ಕಾರಣ, ಇದು ದೋಷವಲ್ಲ. ತಿರುಗಿಸಿದರೂ ಬೀಳದಿದ್ದರೆ ದೋಷ ಕಾಲಿನ ಸರಪಣಿಯಲ್ಲಿದೆ. ಆಗ ಮೊದಲು ಹೊರಗಿನದನ್ನು ನೋಡಿ: ಬೈಕು ಬಿದ್ದಾಗ ಪೆಡಲ್ ಬಾಗಿ ಎಂಜಿನ್ನಿಗೋ ಕಾಲಿಡುವ ಕಂಬಿಗೋ ತಾಗುತ್ತಿದೆಯೇ? ಪೆಡಲ್ ತನ್ನ ಶಾಫ್ಟ್‌ನ ಮೇಲೆ ಸಡಿಲವಾಗಿ ಜಾರುತ್ತಿದೆಯೇ? ಒತ್ತಿದ ಪೆಡಲ್ ನಡುಸ್ಥಾನಕ್ಕೆ ಮರಳದಿದ್ದರೆ ಅದನ್ನು ಮರಳಿಸುವ ಸ್ಪ್ರಿಂಗ್ ಮುರಿದಿರಬಹುದು. ಅನೇಕ ಬೈಕುಗಳಲ್ಲಿ ಇದನ್ನು ಕ್ಲಚ್ ಬದಿಯ ಮುಚ್ಚಳ ತೆಗೆದೇ ಬದಲಿಸಬಹುದು, ಎಂಜಿನ್ ಇಳಿಸಬೇಕಾಗಿಲ್ಲ.

2. ಎಂಜಿನ್ ಓಡುವಾಗ, ಹೊರೆ ಇಲ್ಲದೆ. ಬೈಕು ಸಮತಟ್ಟಾದ ನೆಲದಲ್ಲಿ ನಡು ಸ್ಟ್ಯಾಂಡಿನ ಮೇಲಿರಲಿ, ಮುಂದಿನ ಚಕ್ರ ಗೋಡೆಗೆ ತಾಗಿರಲಿ, ಹಿಂದುಗಡೆ ಯಾರೂ ನಿಲ್ಲದಿರಲಿ. ಎಂಜಿನ್ ಬೆಚ್ಚಗಾದ ಮೇಲೆ ಕ್ಲಚ್ ಪೂರ್ತಿ ಹಿಡಿದು ಮೊದಲ ಗಿಯರ್ ಹಾಕಿ. ಎಣ್ಣೆಯ ಎಳೆತದಿಂದ ಹಿಂದಿನ ಚಕ್ರ ನಿಧಾನವಾಗಿ ಸುತ್ತಬಹುದು. ಹಿಂದಿನ ಬ್ರೇಕನ್ನು ಮೆಲ್ಲನೆ ಒತ್ತಿ. ಚಕ್ರ ನಿಂತು ಎಂಜಿನ್ ಮೊದಲಿನಂತೆಯೇ ಓಡುತ್ತಿದ್ದರೆ ಕ್ಲಚ್ ಸರಿ. ಎಂಜಿನ್ ತಗ್ಗಿದರೆ, ಆರಿದರೆ ಕ್ಲಚ್ ಬಿಡುತ್ತಿಲ್ಲ. ಕೇಬಲ್ ಹೊಂದಿಸಿದ ಮೇಲೂ ಹೀಗೇ ಆದರೆ ಬಾಗಿದ ಪ್ಲೇಟು, ಅಥವಾ ಪ್ಲೇಟುಗಳ ಕಿವಿಗಳು ಕೊರೆದು ಹಳ್ಳ ಮಾಡಿದ ಕ್ಲಚ್ ಹೌಸಿಂಗ್ ಕಾರಣವಿರಬಹುದು. ಚಳಿಗಾಲದ ಬೆಳಗ್ಗೆ ಮಾತ್ರ ಕಾಣಿಸಿ ಬೆಚ್ಚಗಾದ ಮೇಲೆ ಮಾಯವಾಗುವ ತೊಂದರೆಗೆ ದಪ್ಪಗಾದ ಎಣ್ಣೆಯೇ ಹೊಣೆ.

3. ಹೊರೆ ಬಿದ್ದಾಗ. ಮೊದಲೆರಡು ಪರೀಕ್ಷೆಗಳಲ್ಲಿ ಸರಿಯಿದ್ದು ರಸ್ತೆಯಲ್ಲಿ ಮಾತ್ರ ತೊಂದರೆ ಕಾಣಿಸಿದರೆ, ಯಾವ ಗಿಯರ್, ವೇಗ ಹೆಚ್ಚಿಸುವಾಗಲೋ ತಗ್ಗಿಸುವಾಗಲೋ ಎಂಬುದನ್ನು ಬರೆದಿಟ್ಟುಕೊಳ್ಳಿ. ಹೆಚ್ಚಿಸುವಾಗ ಕಳಚಿದರೆ ಡಾಗ್‌ನ ಒಂದು ಮುಖ, ತಗ್ಗಿಸುವಾಗ ಕಳಚಿದರೆ ಅದರ ಎದುರು ಮುಖ ಸವೆದಿದೆ. ಒಂದೇ ಗಿಯರಿನಲ್ಲಾದರೆ ಆ ಗಿಯರಿನ ಡಾಗ್ ಮತ್ತು ಫೋರ್ಕ್. ಎಲ್ಲ ಗಿಯರುಗಳಲ್ಲೂ ಆದರೆ ಡ್ರಮ್ಮನ್ನು ನಿಲ್ಲಿಸುವ ಸ್ಪ್ರಿಂಗ್ ಮತ್ತು ರೋಲರನ್ನು ಮೊದಲು ಅನುಮಾನಿಸಬೇಕು. ಪರೀಕ್ಷೆಗೆಂದು ಬೇಕಂತಲೇ ಘಾಟಿ ಹತ್ತಬೇಡಿ. ಒಮ್ಮೆ ಕಳಚಿದ್ದೇ ಸಾಕಷ್ಟು ಸಾಕ್ಷ್ಯ.

ಕ್ಲಚ್ ಜಾರುವುದಕ್ಕೂ ಗಿಯರ್ ಕಳಚುವುದಕ್ಕೂ ಇರುವ ವ್ಯತ್ಯಾಸ ತಿಳಿದಿರಲಿ. ಎರಡರಲ್ಲೂ ಎಂಜಿನ್ ಕಿರುಚುತ್ತದೆ. ಕ್ಲಚ್ ಜಾರಿದಾಗ ಸದ್ದಿಲ್ಲದೆ, ಎಳೆತ ಸ್ವಲ್ಪ ಸ್ವಲ್ಪವಾಗಿ ಕುಂದುತ್ತದೆ. ಗಿಯರ್ ಕಳಚಿದಾಗ ಲೋಹದ ಸದ್ದಿನೊಂದಿಗೆ ಎಳೆತ ಪೂರ್ತಿ ನಿಂತುಹೋಗುತ್ತದೆ. ಕಾರಿಗೆಂದು ತಯಾರಾದ, ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುವ ಎಣ್ಣೆಯನ್ನು ಹಾಕಿದರೂ ಕ್ಲಚ್ ಜಾರಬಹುದು. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್‌ಗೆ ಸಾಮಾನ್ಯವಾಗಿ 'ಜಾಸೋ ಎಂ.ಎ.' ದರ್ಜೆಯ ಎಣ್ಣೆಯನ್ನು ಹೇಳಿರುತ್ತಾರೆ. ಕೈಪಿಡಿ ನೋಡಿ ಹಾಕಿ.

ತರಗತಿಗೆ ಒಂದು ಪ್ರಯೋಗ

ಎಣ್ಣೆ ಬದಲಿಸುವಾಗ ಹಳೆಯ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಉಳಿದ ಲೋಹದ ಕಣಗಳ ಹತ್ತಿರ ಅಯಸ್ಕಾಂತ ಹಿಡಿಯಿರಿ. ಅಂಟಿಕೊಳ್ಳುವುದು ಉಕ್ಕು: ಹಲ್ಲುಚಕ್ರ, ಡಾಗ್ ಅಥವಾ ಫೋರ್ಕ್‌ನದು. ಅಂಟದೆ ಹೊಳೆಯುವುದು ಅಲ್ಯೂಮಿನಿಯಂ: ಹೆಚ್ಚಾಗಿ ಕ್ಲಚ್ ಹೌಸಿಂಗ್ ಅಥವಾ ಎಂಜಿನ್ನಿನ ಕವಚದ್ದು. ನುಣುಪಾದ ಪುಡಿ ಸಹಜ ಸವೆತದ ಗುರುತು. ಉಗುರಿಗೆ ಸಿಗುವಷ್ಟು ದೊಡ್ಡ ಚೂರು ಸಹಜವಲ್ಲ. ಎಂಜಿನ್ ಬಿಚ್ಚದೆಯೇ ಅದರೊಳಗಿನ ಸುದ್ದಿ ತಿಳಿಯುವ ದಾರಿ ಇದು.

ಗುಜರಿ ಅಂಗಡಿಯಲ್ಲಿ ಹಳೆಯ ಗಿಯರ್ ಜೊತೆಯೊಂದು ಸಿಕ್ಕರೆ ಶಾಲೆಗೆ ತನ್ನಿ. ಸವೆದ ಡಾಗ್‌ನ ಮೇಲೆ ಬೆರಳಾಡಿಸಿದ ವಿದ್ಯಾರ್ಥಿಗೆ ಇಳಿಜಾರು ಹಲಗೆಯ ಪಾಠ ಮರೆಯುವುದಿಲ್ಲ. ಅವರಲ್ಲಿ ಹಲವರು ಇಂದಲ್ಲ ನಾಳೆ ಬೈಕು ಓಡಿಸುವವರೇ. ನ್ಯೂಟ್ರಲ್ ಸಿಗದ ಬೈಕು ಬೇಸರ ತರಿಸೀತು; ಹೊರೆಯಲ್ಲಿ ಗಿಯರ್ ಕಳಚುವ ಬೈಕು ಪ್ರಾಣಕ್ಕೇ ಸಂಚಕಾರ ತಂದೀತು. ಮೊದಲನೆಯದಕ್ಕೆ ಒಂದು ಸ್ಪ್ಯಾನರ್ ಸಾಕು. ಎರಡನೆಯದು ಒಮ್ಮೆ ಕಾಣಿಸಿಕೊಂಡರೂ ಬೈಕನ್ನು ಅಂದೇ ನಿಲ್ಲಿಸಿ ಬಿಚ್ಚಿಸಬೇಕು.